ಹದಿನಾಲ್ಕನೇ ಪುಟ

ಶನಿವಾರ ಅಂತ್ಯಕ್ರಿಯೆ ಮುಗಿಯಿತು. ಭಾನುವಾರ ಎಲ್ಲರೂ ಹೊರಟುಹೋದರು. ಸೋಮವಾರ ಬೆಳಗ್ಗೆ ಕಸದ ಲಾರಿ ಎಂದಿನಂತೆ ಬಂತು.

ಡಬ್ಬ ಹೊರಗಿಡುವುದು ಶ್ರೀಕರ್‌ನ ಕೆಲಸವಾಗಿತ್ತು. ಆ ವಾರ ಕಸದ ಡಬ್ಬವೋ ರೀಸೈಕ್ಲಿಂಗ್ ಡಬ್ಬವೋ ನನಗೆ ಗೊತ್ತಿರಲಿಲ್ಲ. ಎದುರುಮನೆಯ ಮುಂದೆ ಯಾವುದಿದೆ ಎಂದು ಇಣುಕಿ ನೋಡಿ, ಅದನ್ನೇ ಎಳೆದುಕೊಂಡು ಹೋಗಿ ಇಟ್ಟೆ. ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಗಂಟೆ ಇನ್ನೂ ಎಂಟು.

ಊಟದ ಮೇಜಿನ ಮೇಲೆ ಅವನ ಲ್ಯಾಪ್‌ಟಾಪ್ ಇತ್ತು. ಅಂತ್ಯಕ್ರಿಯೆಗೆ ಒಂದು ಒಳ್ಳೆಯ ಫೋಟೋ ಬೇಕೆಂದು ನಾನೇ ತೆರೆದವಳು ಮುಚ್ಚಿರಲಿಲ್ಲ. ಅದು ಟಿಂಗ್ ಎಂದಿತು. ಪರದೆಯ ಮೂಲೆಯಲ್ಲಿ ಒಂದು ಸಾಲು ಬಂದು ನಿಂತಿತು.

ನೀತಾ ನಿಮ್ಮ ಕಾಮೆಂಟಿಗೆ ಉತ್ತರಿಸಿದ್ದಾರೆ.

ನನ್ನ ಗಂಡ ಸತ್ತು ಹತ್ತು ದಿನವಾಗಿತ್ತು. ಅವನಿಗೆ ಈಗ ಉತ್ತರ ಬರೆಯುವವಳು ಯಾರು?

ಒತ್ತಿದೆ. ಒಂದು ದೊಡ್ಡ ಡಾಕ್ಯುಮೆಂಟ್ ತೆರೆದುಕೊಂಡಿತು.

ಶ್ರೀಕರ್ ಪಾರ್ಟ್‌ಟೈಮ್ ಎಂಬಿಎ ಮಾಡುತ್ತಿದ್ದ. ವಾರದಲ್ಲಿ ಎರಡು ಸಂಜೆ ಕ್ಲಾಸು, ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಟೀಮ್ ಮೀಟಿಂಗ್. ಇದು ಆ ಟೀಮಿನ ಕೇಸ್ ಸ್ಟಡಿ ರಿಪೋರ್ಟ್. ಯಾವುದೋ ಕಂಪನಿಯ ಪೇಚಾಟವನ್ನು ಇಪ್ಪತ್ತು ಮೂವತ್ತು ಪುಟಗಳಲ್ಲಿ ಬರೆದುಕೊಡುತ್ತಾರೆ. ಓದಿದವರು ನಿಜವಾದ ಸಮಸ್ಯೆ ಯಾವುದು, ದಾರಿಗಳು ಎಷ್ಟು, ಯಾವುದನ್ನು ಹಿಡಿಯಬೇಕು, ಯಾಕೆ ಎಂದು ವಾದ ಕಟ್ಟಬೇಕು. ಕೇಸಿನಲ್ಲಿ ಇಲ್ಲದ್ದನ್ನು ಬರೆಯಬಾರದು. ಊಹೆಯಾದರೆ ಇದು ಊಹೆ ಎಂದು ಹೇಳಿಯೇ ಬರೆಯಬೇಕು. ಇದೆಲ್ಲ ನನಗೆ ಗೊತ್ತು. ಮೈಸೂರಿನಲ್ಲಿ ಎಂ.ಕಾಂ. ಓದುವಾಗ ಆ ಪೇಪರಿನಲ್ಲಿ ನನಗೇ ಹೆಚ್ಚು ಅಂಕ ಬಂದಿತ್ತು. ಈ ಕೋರ್ಸಿನ ಬ್ರೋಷರನ್ನು ಮನೆಗೆ ತಂದವಳೂ ನಾನೇ.

"ಕಂಪನಿ ನನಗೆ ಫೀಸ್ ಕೊಡತ್ತೆ ಕಣೇ. ಮೊದಲು ನಾನು ಮುಗಿಸ್ತೀನಿ, ಆಮೇಲೆ ನೀನು ಅಪ್ಲೈ ಮಾಡು," ಎಂದಿದ್ದ.

ನಾನು ತಲೆಯಾಡಿಸಿದ್ದೆ.

ರಿಪೋರ್ಟಿನ ಅಂಚಿನಲ್ಲಿ ಅವನ ಕೊನೆಯ ಕಾಮೆಂಟ್ ಇತ್ತು. ಗುರುವಾರ ಬರೆದದ್ದು. ಶುಕ್ರವಾರ ಬೆಳಗ್ಗೆ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ಅವನು ಕುಸಿದುಬಿದ್ದ. ಮೂವತ್ತಾರು ವರ್ಷ.

"ನಮ್ಮ ರೆಕಮೆಂಡೇಶನ್ ಬದಲಾಯಿಸಬೇಕು. ಮಾರಬೇಡಿ ಅಂತ ಬರೆಯೋಣ. ಯಾಕೆ ಅಂತ ಶನಿವಾರ ಹೇಳ್ತೀನಿ."

ಅದರ ಕೆಳಗೆ, ಐದು ನಿಮಿಷದ ಹಿಂದೆ:

"ಸರಿ ಶ್ರೀ. ಮಾರಬೇಡಿ ಅಂತಲೇ ಬರೀತೀನಿ. ಯಾಕೆ ಅಂತ ಈಗ ಯಾರನ್ನ ಕೇಳಲಿ?"

ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ ಕನ್ನಡ. ಟೀಮಿನ ಮೂರನೆಯವನು ಬ್ರಾಯನ್ ಎಂಬ ಅಮೆರಿಕನ್. ಅವನಿಗೆ ಅರ್ಥವಾಗದ ಹಾಗೆ.

ಶ್ರೀ. ಹಾಗೆ ಕರೆಯುತ್ತಿದ್ದವರು ಅವನ ಅಮ್ಮ ಮಾತ್ರ ಎಂದುಕೊಂಡಿದ್ದೆ.

ಹತ್ತು ದಿನಗಳಿಂದ ನನ್ನೊಳಗೆ ಏನೂ ಅಲುಗಾಡಿರಲಿಲ್ಲ. ಫ್ಯೂನರಲ್ ಹೋಮಿನಲ್ಲಿ ಜನ ತಬ್ಬಿಕೊಂಡಾಗ ಅವರ ಬೆನ್ನು ತಟ್ಟಿ ಸಮಾಧಾನ ಮಾಡಿದವಳು ನಾನು. ಈಗ ಏನೋ ಅಲುಗಾಡಿತು. ಅದರ ಹೆಸರು ನನಗೆ ಗೊತ್ತಿತ್ತು.

ಸೆಪ್ಟೆಂಬರಿನಿಂದ ಇದ್ದ ಕಾಮೆಂಟುಗಳನ್ನೆಲ್ಲ ಓದಿದೆ.

ಮೊದಲು "ನೀವು ಬರೆದ ಪ್ಯಾರಾ ಚೆನ್ನಾಗಿದೆ" ಎಂದಿತ್ತು. ಅಕ್ಟೋಬರ್ ಮೂರನೆಯ ವಾರ "ನೀನು ಇವತ್ತೂ ಲೇಟು" ಎಂದಾಗಿತ್ತು. ಲೆಕ್ಕ ಹಾಕಿದೆ. ನೀವು ಹೋಗಿ ನೀನು ಬರಲು ಅವರಿಗೆ ಹಿಡಿದದ್ದು ಆರು ವಾರ.

ನನಗೆ ಒಂದು ವರ್ಷ ಹಿಡಿದಿತ್ತು. ಅಟ್ಲಾಂಟಾದಲ್ಲಿ ಅವನ ಸ್ನೇಹಿತನ ಮದುವೆ ಮುಗಿಸಿ ಬರುತ್ತಿದ್ದೆವು. ಸೌತ್ ಕ್ಯಾರೊಲಿನಾದ ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ ಕಾರಿನೊಳಗೇ ಕೀ ಬಿಟ್ಟು ಬಾಗಿಲು ಹಾಕಿದ. ಜುಲೈ ತಿಂಗಳ ಬಿಸಿಲು. ರೇಷ್ಮೆ ಸೀರೆ. ಎರಡು ಗಂಟೆ ಕಾದೆವು.

"ನೀನೊಬ್ಬ ಶುದ್ಧ ದಡ್ಡ!" ಎಂದುಬಿಟ್ಟೆ.

ಅವನು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನನ್ನನ್ನೇ ನೋಡಿದ. ಮುಖದ ತುಂಬಾ ನಗು ಹರಡಿತು.

"ಅಂತೂ ನೀನು ಅಂದ್ಯಲ್ಲ. ಮೊದಲೇ ಗೊತ್ತಿದ್ರೆ ದಿನಾ ಕೀ ಕಳೀತಿದ್ದೆ."

ಇವಳಿಗೆ ಆರು ವಾರ. ಕೀ ಕೂಡ ಕಳೆಯಬೇಕಾಗಿರಲಿಲ್ಲ.

ನವೆಂಬರಿನ ಒಂದು ಕಡೆ ಹೀಗಿತ್ತು.

"ಇದು ನಿನ್ನ ಐಡಿಯಾ ಅಲ್ಲ. ಯಾರ ಹತ್ರ ಕದ್ದೆ?"

"ಹೇಳಲ್ಲ."

"ಕಾಫಿ ಕೊಡಿಸ್ತೀನಿ."

"ದೊಡ್ಡ ಕಪ್ ಆದ್ರೆ ಯೋಚನೆ ಮಾಡ್ತೀನಿ."

ಅವನ ಪಕ್ಕದಲ್ಲಿ ಒಂದು ಹಳದಿ ನಗುಮುಖ. ನನಗೆ ಅವನು ಕಳಿಸುತ್ತಿದ್ದ ಮೆಸೇಜುಗಳು ನೆನಪಾದವು. ಹಾಲು ಇದೆಯಾ. ಹತ್ತು ನಿಮಿಷ ಲೇಟು. ಪಾರ್ಸೆಲ್ ಬಂತಾ.

ಕಾಮೆಂಟುಗಳು ಮುಗಿದ ಮೇಲೆ ರಿಪೋರ್ಟನ್ನೇ ಓದತೊಡಗಿದೆ. ಎರಡನೆಯ ಪ್ಯಾರಾದಲ್ಲಿ ಕೈ ನಿಂತಿತು.

ಹಾಲಿಸ್ ಬೇಕರಿ. ಊರು ಫೋರ್ಟ್ ಮಿಲ್, ಸೌತ್ ಕ್ಯಾರೊಲಿನಾ. ಅಪ್ಪ ತೀರಿಕೊಂಡ ಮೇಲೆ ಹಿರಿಯ ಮಗ ಡೇವಿಡ್ ಬೇಕರಿಯನ್ನು ಷಾರ್ಲೆಟ್‌ನ ಒಂದು ದೊಡ್ಡ ಕಂಪನಿಗೆ ಮಾರಬೇಕೆನ್ನುತ್ತಾನೆ. ಕಿರಿಯವನು ಇನ್ನೊಂದು ಅಂಗಡಿ ತೆರೆಯೋಣ ಎನ್ನುತ್ತಾನೆ.

ಈ ಮನೆಯವರೆಲ್ಲ ನನಗೆ ಗೊತ್ತು. ಐದು ತಿಂಗಳಿಂದ ಗೊತ್ತು.

"ನಮ್ಮ ಆಫೀಸಿನ ಡೇವ್ ಇದಾನಲ್ಲ, ಅವರ ಮನೇಲಿ ದೊಡ್ಡ ಜಗಳ ಕಣೇ," ಎಂದು ಶ್ರೀಕರ್ ಊಟಕ್ಕೆ ಕೂತಾಗ ಶುರು ಮಾಡುತ್ತಿದ್ದ. ನಾನು ಸೌಟು ಹಿಡಿದೇ ಕೇಳುತ್ತಿದ್ದೆ. ಇಡೀ ದಿನ ಯಾರೊಂದಿಗೂ ಮಾತಾಡದವಳಿಗೆ ಆ ಬೇಕರಿಯೇ ಧಾರಾವಾಹಿಯಾಗಿತ್ತು. ಡೇವ್ ಹಾಗೆ ಮಾಡಬಾರದು, ತಮ್ಮನ ಲೆಕ್ಕಾಚಾರ ಬಾಲಿಶ, ಎಂದೆಲ್ಲ ಹೇಳುತ್ತಿದ್ದೆ. ಅವನು ಕೆನ್ನೆಗೆ ಕೈಕೊಟ್ಟು ಕೇಳುತ್ತಿದ್ದ. ಕಣ್ಣು ನನ್ನ ಮುಖ ಬಿಟ್ಟು ಕದಲುತ್ತಿರಲಿಲ್ಲ. ಆ ನೋಟಕ್ಕಾಗಿಯೇ ನಾನು ಡೇವ್‌ನ ಕಥೆಗೆ ಕಾಯುತ್ತಿದ್ದೆ.

ಅಂತ್ಯಕ್ರಿಯೆಗೆ ಆಫೀಸಿನವರು ಬಂದಾಗ ಕೇಳಿದ್ದೆ, "ಡೇವ್ ಬರಲಿಲ್ಲವಾ?" ಮ್ಯಾನೇಜರ್ ಗೊಂದಲದಿಂದ ನೋಡಿದ್ದರು. ಆ ಹೆಸರಿನವರು ಅಲ್ಲಿ ಯಾರೂ ಇರಲಿಲ್ಲ.

ಈಗ ಅರ್ಥವಾಯಿತು. ಸುಳ್ಳು ಹೇಳಿದ್ದ. ಕೇಸನ್ನು ಇಬ್ಬರೂ ಕೂಡಿ ಓದುವ ಸಂತೋಷವನ್ನು ನೀತಾಳಿಗೆ ಕೊಟ್ಟು, ನನಗೆ ಅದರ ಚಿಲ್ಲರೆಯನ್ನು ಗಾಸಿಪ್ಪಿನ ಪೊಟ್ಟಣದಲ್ಲಿ ಕಟ್ಟಿಕೊಟ್ಟಿದ್ದ.

ಹನ್ನೊಂದಕ್ಕೆ ರತ್ನಾ ಆಂಟಿ ಫೋನ್ ಮಾಡಿದರು. ಆಂಟಿ ಎಂಬತ್ತರ ದಶಕದಲ್ಲಿ ಅಮೆರಿಕಕ್ಕೆ ಬಂದ ಡಾಕ್ಟರು. ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಇದ್ದಾರೆ. ಬಾಯಿ ಜೋರು, ಮನಸ್ಸು ಒಳ್ಳೆಯದು.

"ಏನಾದ್ರೂ ತಿಂದ್ಯೇನಮ್ಮಾ?"

"ಹೂಂ ಆಂಟಿ."

"ಸುಳ್ಳು. ಫ್ರಿಜ್‌ನಲ್ಲಿ ಬಿಸಿಬೇಳೆಬಾತ್ ಇಟ್ಟು ಬಂದಿದೀನಿ, ಮೈಕ್ರೋವೇವ್ ಮಾಡ್ಕೋ." ಸ್ವಲ್ಪ ತಡೆದು, "ಅದಿರಲಿ, ಹಿಂದಿನ ಸಾಲಲ್ಲಿ ಬೂದು ಕೋಟ್ ಹಾಕ್ಕೊಂಡು ಒಬ್ಬಳು ಹುಡುಗಿ ಕೂತಿದ್ದಳಲ್ಲ, ಯಾರವಳು? ನಿನಗಿಂತ ಜಾಸ್ತಿ ಅತ್ತಳಲ್ಲಮ್ಮ!"

"ಅವನ ಕ್ಲಾಸ್‌ಮೇಟ್ ಇರಬೇಕು."

"ಕ್ಲಾಸ್‌ಮೇಟಾ? ನಮ್ಮ ಕಾಲದಲ್ಲಿ ಕ್ಲಾಸ್‌ಮೇಟ್‌ಗಳು ನೋಟ್ಸ್ ಮಾತ್ರ ಕೊಡ್ತಿದ್ರಪ್ಪ," ಎಂದರು.

ಫೋನಿಟ್ಟು ಅವನ ಬ್ಯಾಗ್ ತೆರೆದೆ. ಆಫೀಸಿನವರು ತಂದುಕೊಟ್ಟ ಮೇಲೆ ಅದನ್ನು ಮುಟ್ಟಿರಲಿಲ್ಲ. ಒಳಗೆ ಚಾರ್ಜರ್, ಅರ್ಧ ಸವೆದ ಪೆನ್ಸಿಲ್, ಸ್ಪೈರಲ್ ಹಾಕಿದ ಒಂದು ಪ್ರಿಂಟೆಡ್ ಪ್ರತಿ. ಹಾಲಿಸ್ ಬೇಕರಿಯ ಕೇಸ್. ಮೇಲೆ ನೀಲಿ ಪೆನ್ನಿನಲ್ಲಿ, ದುಂಡಗಿನ ಅಕ್ಷರದಲ್ಲಿ: ನೀತಾ ಮುರಳೀಧರ. ಅದರ ಕೆಳಗೆ ಅವನ ಪೆನ್ಸಿಲ್: ಎರವಲು. ಜನವರಿ 14. ವಾಪಸ್ ಕೊಡಬೇಕು.

ಪುಟಪುಟದಲ್ಲೂ ಅವಳ ನೀಲಿ ಪೆನ್ನು, ಪಕ್ಕದಲ್ಲಿ ಅವನ ಪೆನ್ಸಿಲ್ಲು. ಒಂದೇ ಹಾಳೆಯಲ್ಲಿ, ಒಂದೇ ಅಂಚಿನಲ್ಲಿ ಒತ್ತೊತ್ತಾಗಿ.

ಹದಿನಾಲ್ಕನೇ ಪುಟದಲ್ಲಿ ಎರಡನೆಯ ಅಂಗಡಿಯ ವಿಷಯವಿತ್ತು. ಅವಳು ನೀಲಿಯಲ್ಲಿ, "ಇದರಿಂದ ಮೊದಲ ಅಂಗಡಿಯೂ ಮುಳುಗುತ್ತದೆ," ಎಂದು ಬರೆದಿದ್ದಳು. ಅವನು ಪೆನ್ಸಿಲ್ಲಿನಲ್ಲಿ:

ನೀತಾ ಸರಿ. ನಾನು ತಪ್ಪು.

ಆರು ವರ್ಷದ ಸಂಸಾರದಲ್ಲಿ ಅವನು ಒಂದು ಸಲವೂ ನನಗೆ ಹಾಗೆ ಹೇಳಿರಲಿಲ್ಲ. ಜಗಳದ ಕೊನೆಗೆ "ನೋಡೋಣ" ಎನ್ನುತ್ತಿದ್ದ. ಅದೇ ಅವನ ಸೋಲು ಎಂದು ನಾನು ತಿಳಿದುಕೊಂಡಿದ್ದೆ. ಅವನಿಗೆ ಬೇರೆ ಮಾತೂ ಬರುತ್ತಿತ್ತು, ಬೇರೆಯವರ ಮುಂದೆ.

ಡ್ರಾಯರಿನಿಂದ ರಬ್ಬರ್ ತಂದೆ. "ನೀತಾ ಸರಿ" ಎಂಬುದರ ಮೇಲೆ ಉಜ್ಜಿದೆ. ಕಾಗದ ಬಿಸಿಯಾಗುವ ತನಕ ಉಜ್ಜಿದೆ. ಪುಡಿಯನ್ನು ಊದಿದೆ. ಮುಂದಿನ ಪುಟಗಳನ್ನು ನೋಡಲಿಲ್ಲ. ಗಂಡ ಸತ್ತ ಮೇಲೆ ನಾನು ಮನಸ್ಸಿಟ್ಟು ಮಾಡಿದ ಮೊದಲ ಕೆಲಸ ಅದು.

ಆಮೇಲೆ ಲ್ಯಾಪ್‌ಟಾಪಿನ ಮುಂದೆ ಕೂತು ಅವಳ ಉತ್ತರದ ಕೆಳಗೆ ಬರೆದೆ. "ನಿಮ್ಮ ವಸ್ತು ಒಂದು ಇಲ್ಲಿದೆ."

ಅದು ಅವನ ಅಕೌಂಟ್ ಎಂಬುದು ಒತ್ತಿದ ಮೇಲೆ ಹೊಳೆಯಿತು. ಮಾತಿನ ಪಕ್ಕ ಅವನ ಹೆಸರು, ಅವನ ಪುಟ್ಟ ಫೋಟೋ.

ಎರಡು ನಿಮಿಷ ಏನೂ ಬರಲಿಲ್ಲ. ಮೈಲುಗಟ್ಟಲೆ ದೂರದಲ್ಲಿ ಅವಳ ಉಸಿರು ನಿಂತದ್ದು ನನಗೆ ಕೇಳಿಸಿದಂತಾಯಿತು. ಸ್ವಲ್ಪ ಖುಷಿಯೂ ಆಯಿತು, ಸುಳ್ಳೇಕೆ.

"ಯಾರು?" ಎಂದು ಬಂತು.

"ಯಾಮಿನಿ. ಅವನ ಹೆಂಡತಿ."

"ನಿಮ್ಮ ಹತ್ರ ಮಾತಾಡಬೇಕು ಅಂತ ತುಂಬಾ ದಿನದಿಂದ ಇತ್ತು. ಧೈರ್ಯ ಬರಲಿಲ್ಲ. ಶನಿವಾರ ಒಂಬತ್ತಕ್ಕೆ ಶ್ಯಾಂಟಿಲಿ ಲೈಬ್ರರಿಗೆ ಬರ್ತೀರಾ? ನಮ್ಮ ರೂಮಿಗೆ?"

ನಮ್ಮ ರೂಮು. ಬರುತ್ತೇನೆ ಎಂದು ಬರೆದೆ.

*

ಶನಿವಾರ ಬೆಳಗ್ಗೆ ತಲೆಗೆ ಸ್ನಾನ ಮಾಡಿದೆ. ನೀಲಿ ಕುರ್ತಾ ಹಾಕಿ, ತೆಗೆದು, ಬಿಳಿಯದು ಹಾಕಿ, ಮತ್ತೆ ನೀಲಿಯದೇ ಹಾಕಿದೆ. ಸತ್ತ ಗಂಡನ ಕ್ಲಾಸ್‌ಮೇಟನ್ನು ನೋಡಲು ಹೋಗುವವಳು ಕನ್ನಡಿಯ ಮುಂದೆ ಎಷ್ಟು ಹೊತ್ತು ನಿಲ್ಲಬೇಕೋ ಅದಕ್ಕಿಂತ ಹೆಚ್ಚು ಹೊತ್ತು ನಿಂತೆ.

ಗಾಜಿನ ಗೋಡೆಯ ಪುಟ್ಟ ಕೋಣೆ. ನಾಲ್ಕು ಕುರ್ಚಿ. ನೀತಾ ಆಗಲೇ ಬಂದಿದ್ದಳು. ಬೂದು ಕೋಟು. ನನಗಿಂತ ಎರಡು ಮೂರು ವರ್ಷ ಚಿಕ್ಕವಳು. ಚೆಂದವೇ ಎಂದು ನೋಡಿದೆ. ಚೆಂದವಿದ್ದಳು, ನಿದ್ದೆಗೆಟ್ಟ ಚೆಂದ. ಎದ್ದು ನಿಂತಳು. ಅವಳ ಕಣ್ಣು ನನ್ನ ಮುಖದ ಮೇಲೆ ನಿಂತು, ಹಣೆಗೆ ಹೋಗಿ, ಕೈಗೆ ಇಳಿದು, ಮತ್ತೆ ಮುಖಕ್ಕೆ ಬಂತು. ಅವಳೂ ನನ್ನನ್ನು ಅಳೆಯುತ್ತಿದ್ದಳು.

"ಯಾಮಿನಿ ಅವರು?"

"ಕೂತ್ಕೊಳ್ಳಿ. ನಾನೇನೂ ಜಗಳಕ್ಕೆ ಬಂದಿಲ್ಲ," ಎಂದೆ. ಜಗಳಕ್ಕೇ ಬಂದಿದ್ದೆ. "ಮನೆ ಹತ್ತಿರಾನಾ?"

"ಇಲ್ಲ, ಕ್ಲಾರ್ಕ್ಸ್‌ಬರ್ಗ್."

"ಮೇರಿಲ್ಯಾಂಡಾ? ಪಕ್ಕದ ರಾಜ್ಯದಿಂದ ಪ್ರತಿ ಶನಿವಾರ ಇಲ್ಲಿಗೆ ಡ್ರೈವ್ ಮಾಡ್ತಿದ್ರಾ? ಒಂದು ಗಂಟೆ ಆಗತ್ತಲ್ಲ."

ಅವಳ ಕಿವಿ ಕೆಂಪಾಯಿತು. ಅದನ್ನು ನೋಡಿಟ್ಟುಕೊಂಡೆ.

"ಡೇವ್ ಯಾರು?" ಎಂದೆ.

ನೀತಾ ಒಂದು ಕ್ಷಣ ಬೆಪ್ಪಾಗಿ ನೋಡಿದಳು. ಆಮೇಲೆ ನಗು ಒತ್ತರಿಸಿಕೊಂಡು ಬಂತು. ಬಾಯಿಗೆ ಕೈ ಅಡ್ಡ ಹಿಡಿದಳು. ಕಣ್ಣಲ್ಲಿ ನೀರೂ ಬಂತು.

"ಅಯ್ಯೋ ಡೇವ್! ಕೊನೇ ತನಕ ಹೇಳಲೇ ಇಲ್ವಾ ನಿಮಗೆ?"

"ಏನನ್ನ?"

"ಆನರ್ ಕೋಡ್ ಅಂತ ಒಂದಿದೆ. ಕೇಸ್ ಬಗ್ಗೆ ಟೀಮಿನ ಹೊರಗಡೆ ಯಾರ ಜೊತೆಗೂ ಡಿಸ್ಕಸ್ ಮಾಡಲ್ಲ ಅಂತ ಎಲ್ಲರೂ ಸೈನ್ ಮಾಡಿರ್ತೀವಿ. ಶ್ರೀಕರ್ ರೂಲ್ಸ್ ವಿಷಯದಲ್ಲಿ ಹೇಗೆ ಅಂತ ನಿಮಗೇ ಗೊತ್ತಲ್ಲ."

ಗೊತ್ತು. ನರಪಿಳ್ಳೆ ಇಲ್ಲದ ರಸ್ತೆಯಲ್ಲೂ ಸ್ಟಾಪ್ ಬೋರ್ಡಿನ ಮುಂದೆ ಒಂದು ಎರಡು ಮೂರು ಎಂದು ಎಣಿಸಿ ಮುಂದೆ ಹೋಗುವವನು.

"ಹೆಂಡತಿ ಜೊತೆ ಕೇಸ್ ಮಾತಾಡೋ ಹಾಗಿಲ್ಲ. ಆದರೆ ನೀವು ಏನಂತೀರಿ ಅಂತ ಕೇಳದೆ ಇವರಿಗೆ ಒಂದು ಪ್ಯಾರಾ ಬರಿಯೋಕಾಗಲ್ಲ. ಅದಕ್ಕೆ ಡೇವಿಡ್ ಹಾಲಿಸ್‌ಗೆ ತಮ್ಮ ಆಫೀಸಲ್ಲೇ ಕೆಲಸ ಕೊಡಿಸಿದ್ರು! 'ನಾನು ಕೇಸ್ ಮಾತಾಡಿಲ್ಲ ಕಣೇ, ಊಟದ ಹೊತ್ತಲ್ಲಿ ಕೊಲೀಗ್ ಬಗ್ಗೆ ಗಾಸಿಪ್ ಮಾಡಿದೆ' ಅಂತಿದ್ದ... ಅಂತಿದ್ರು."

ಕಣೇ ಎಂದದ್ದೂ ಕೇಳಿಸಿತು, ಅಂತಿದ್ದ ಎಂದದ್ದೂ ಕೇಳಿಸಿತು. ಆದರೆ ಅದಕ್ಕಿಂತ ಮೊದಲಿನ ಮಾತು ಕಿವಿಯಲ್ಲಿ ಇನ್ನೂ ನಿಂತಿತ್ತು.

"ಯಾರ ಹತ್ರ ಕದ್ದೆ ಅಂತ ನೀವು ಕೇಳಿದ್ರಿ. ಕಾಫಿ ಕೊಡಿಸ್ತೀನಿ ಅಂದಿದ್ರಿ."

"ಎಲ್ಲಾ ಓದಿದೀರಾ?" ಅವಳು ತಲೆ ತಗ್ಗಿಸಿದಳು. "ಹೂಂ, ಕೊಡಿಸಿದೆ. ದೊಡ್ಡ ಕಪ್ ಪೂರ್ತಿ ಕುಡಿದ ಮೇಲೆ ಹೇಳಿದ್ರು. 'ಮನೇಲಿದಾಳೆ' ಅಂತ. ಅಷ್ಟೇ. ಆಮೇಲೆ ಕಿಟಕಿ ಕಡೆ ನೋಡ್ಕೊಂಡು ಒಬ್ಬರೇ ನಗ್ತಾ ಇದ್ರು, ಹೊಸದಾಗಿ ಮದುವೆ ಆದವರ ಥರ."

ನಾನು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡೆ.

"ನಾನು ವಾರವೆಲ್ಲಾ ಕೂತು ಸ್ಪ್ರೆಡ್‌ಶೀಟ್ ಮಾಡ್ಕೊಂಡು ಬರ್ತಿದ್ದೆ," ನೀತಾಳ ಧ್ವನಿ ಗಟ್ಟಿಯಾಯಿತು. "ಇವರು ಬಂದು ಒಂದೇ ಒಂದು ವಾಕ್ಯ ಹೇಳೋರು. ಬ್ರಾಯನ್ ಮೇಜು ಕುಟ್ಟೋನು. ಆ ವಾಕ್ಯ ಒಗ್ಗರಣೆ ಹಾಕ್ತಾ ಹಾಕ್ತಾ ನೀವು ಅಂದಿದ್ದು! ನಿಮ್ಮನ್ನ ನೋಡದೇನೇ ನನಗೆ ಹೊಟ್ಟೆ ಉರೀತಿತ್ತು, ಯಾಮಿನಿ."

ಎಷ್ಟು ವಿಚಿತ್ರ. ಐದು ದಿನ ನಾನು ಕಷ್ಟಪಟ್ಟು ಹೊತ್ತ ಮಾತನ್ನು ಅವಳು ಮೊದಲು ಹೇಳಿಬಿಟ್ಟಳು.

"ನಿಮಗೆ ಅವನು ಇಷ್ಟ ಇದ್ದನಾ?"

ಗಾಜಿನಾಚೆ ಒಬ್ಬ ಮುದುಕ ಪತ್ರಿಕೆ ಮಡಿಸುತ್ತಿದ್ದ. ನೀತಾ ಅವನು ಮಡಿಸಿ ಮುಗಿಸುವ ತನಕ ನೋಡಿದಳು.

"ಇದ್ರು. ಅವರಿಗೆ ಗೊತ್ತಿರಲಿಲ್ಲ. ಹೇಳೋ ಯೋಚನೆಯೂ ನನಗಿರಲಿಲ್ಲ. ಒಂದೊಂದು ಸಲ ಅನಿಸತ್ತೆ, ಅವರ ಬಾಯಲ್ಲಿ ಬರ್ತಿದ್ದಿದ್ದು ನಿಮ್ಮ ಮಾತು. ನಾನು ಯಾರನ್ನ ಇಷ್ಟಪಟ್ಟೆ ಅಂತ ನನಗೇ ಸರಿಯಾಗಿ ಗೊತ್ತಿಲ್ಲ."

ಕೋಪ ಬರಬೇಕಿತ್ತು. ಬಂತು. ಕೋಣೆಯಲ್ಲಿ ಒಂದು ನಿಮಿಷ ನಮ್ಮೊಂದಿಗೆ ಕೂತಿತ್ತು. ಆಮೇಲೆ ನನಗೆ ಅನ್ನಿಸಿದ್ದು ಇಷ್ಟೇ: ಈ ಊರಿನಲ್ಲಿ ಶನಿವಾರ ಒಂಬತ್ತು ಗಂಟೆಯಾದಾಗ ಅವನಿಲ್ಲ ಎಂದು ಗೊತ್ತಾಗುವುದು ಇಬ್ಬರಿಗೆ ಮಾತ್ರ.

"ರಿಪೋರ್ಟ್ ಕೊಡೋಕೆ ಪ್ರೊಫೆಸರ್ ಮೂರು ವಾರ ಟೈಮ್ ಕೊಟ್ಟಿದಾರೆ," ಎಂದಳು ನೀತಾ. "ಮಾರಬೇಡಿ ಅನ್ನೋದು ಅವರ ಕೊನೇ ಮಾತು. ಅದನ್ನ ಬದಲಾಯಿಸೋಕೆ ನನಗೆ ಮನಸ್ಸಿಲ್ಲ. ಕಾರಣ ಇಲ್ಲದೆ ಬರೆದರೆ ಅವರ ಹೆಸರಲ್ಲಿ ದಡ್ಡ ರಿಪೋರ್ಟ್ ಆಗತ್ತೆ. ಅವರು ಆ ಕಾಮೆಂಟ್ ಬರೆಯೋ ಹಿಂದಿನ ದಿನ, ಬುಧವಾರ, ಡೇವ್ ಬಗ್ಗೆ ಏನಾದ್ರೂ ಮಾತು ಬಂದಿತ್ತಾ?"

ಬಂದಿತ್ತು.

ನಾನು ಚಪಾತಿ ಲಟ್ಟಿಸುತ್ತಿದ್ದೆ. ಅವನು ಕಟ್ಟೆಗೆ ಒರಗಿ ನಿಂತು ಸೌತೆಕಾಯಿ ಕದ್ದು ತಿನ್ನುತ್ತಿದ್ದ.

"ಡೇವ್ ಬೇಕರಿ ಮಾರಿಬಿಡ್ತಾನಂತೆ."

"ಅವನಕ್ಕ ಏನಂತಾಳೆ?"

"ಯಾವ ಅಕ್ಕ?"

"ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಹಿಟ್ಟು ನಾದೋಳು. ನೀನೇ ಹೇಳಿದ್ಯಲ್ಲ."

"ಓ, ಪೆಗ್ಗಿ. ಅವಳನ್ನ ಯಾಕೆ ಕೇಳ್ತಾರೆ? ಅವಳಿಗೆ ಪಾಲೇ ಇಲ್ಲ."

ನನಗೆ ಯಾಕೆ ಅಷ್ಟು ಸಿಟ್ಟು ಬಂತೋ. "ಬೇಕರಿ ಅಂದ್ರೆ ಗೋಡೆನಾ? ಓವೆನ್ನಾ? ಕೊಳ್ಳೋನು ಕೊಳ್ತಿರೋದು ಅವಳ ಕೈ ರುಚೀನ. ಅವಳು ನಾಳೆಯಿಂದ ಬರಲ್ಲ ಅಂದ್ರೆ ಮಾರೋಕೆ ಏನಿದೆ ಅಲ್ಲಿ? ಮಾರೋದು ಬಿಡೋದು ಆಮೇಲೆ. ಇಷ್ಟು ವರ್ಷದಲ್ಲಿ ನಿನಗೇನು ಬೇಕು ಅಂತ ಅವಳನ್ನ ಯಾರಾದ್ರೂ ಕೇಳಿದ್ರಾ?"

ಲಟ್ಟಿಸುವುದನ್ನು ನಿಲ್ಲಿಸಿದೆ. ಅವನು "ನೋಡೋಣ" ಎನ್ನುತ್ತಾನೆಂದು ಕಾದೆ. ಅನ್ನಲಿಲ್ಲ. ತುಂಬಾ ಹೊತ್ತು ನನ್ನನ್ನೇ ನೋಡಿದ. ಹತ್ತಿರ ಬಂದು, ಲಟ್ಟಣಿಗೆ ತೆಗೆದುಕೊಂಡು, ತಾನೇ ಒಂದು ಚಪಾತಿ ಲಟ್ಟಿಸಿದ. ಅದು ಮೂರು ಮೂಲೆಯಾಯಿತು.

"ಸೌತ್ ಕ್ಯಾರೊಲಿನಾ," ಎಂದ ಗಂಭೀರವಾಗಿ. ನಾನು ನಕ್ಕುಬಿಟ್ಟೆ.

ಚಪಾತಿಯದನ್ನು ಬಿಟ್ಟು ಉಳಿದದ್ದನ್ನು ನೀತಾಳಿಗೆ ಹೇಳಿದೆ. ಅವಳು ನಾನು ತಂದು ಮೇಜಿನ ಮೇಲಿಟ್ಟಿದ್ದ ತನ್ನ ಕೇಸಿನ ಪ್ರತಿಯನ್ನು ಎಳೆದುಕೊಂಡು ಕೊನೆಯ ಪುಟಗಳನ್ನು ಮಗುಚಿದಳು.

"ಪೆಗ್ಗಿ ಬಗ್ಗೆ ಒಂದೇ ಒಂದು ಸಾಲಿದೆ. ಇಪ್ಪತ್ತೆರಡನೇ ಪುಟದಲ್ಲಿ, ಟಿಪ್ಪಣಿಯಲ್ಲಿ. ನಾವು ಮೂರು ಜನ ಐದು ತಿಂಗಳು ಓದಿದ್ರೂ..."

ಅವಳ ಮಾತು ನಿಂತಿತು. ಪ್ರತಿಯನ್ನು ನನ್ನ ಕಡೆ ತಿರುಗಿಸಿ, ಬೆರಳಿನಿಂದ ಮೆಲ್ಲಗೆ ತಳ್ಳಿದಳು.

ಎಡಕ್ಕೆ ವಾಲುವ ಅವನ ಅಕ್ಷರ.

ಯಾಮಿನಿ: ಪೆಗ್ಗಿಯನ್ನು ಯಾರಾದರೂ ಕೇಳಿದರಾ?

ಅದರ ಕೆಳಗೆ, ಪೆನ್ಸಿಲ್ ಒತ್ತಿ ಬರೆದದ್ದು:

ನಾನು ಯಾಮಿನಿಯನ್ನು ಕೇಳಿದ್ದೇನಾ? ಬ್ರೋಷರ್ ತಂದವಳು ಅವಳು. ಶನಿವಾರ ಮೀಟಿಂಗ್ ಮುಗಿಸಿಕೊಂಡು ಹೋಗಿ ಕೇಳಬೇಕು.

ನಾನು ಎರಡು ಸಲ ಓದಿದೆ. ಮೂರನೆಯ ಸಲ ಅಕ್ಷರ ಕಾಣಲಿಲ್ಲ. ನೀತಾ ಕುರ್ಚಿ ಸರಿಸಿಕೊಂಡು ಪಕ್ಕಕ್ಕೆ ಬಂದಳು. ಅವಳ ಬೂದು ಕೋಟಿನ ತೋಳು ಒದ್ದೆಯಾಯಿತು. ಅದುವರೆಗೆ ಅತ್ತಿರದ ಅಳುವೆಲ್ಲ ಅಲ್ಲೇ ಮುಗಿಯುವಂತೆ ಅತ್ತೆ. ಮುಗಿಯಲಿಲ್ಲ.

ನೀತಾ ಪ್ರೊಫೆಸರರಿಗೆ ಇಮೇಲ್ ಬರೆದಳು. ಡೇವ್‌ನ ವಿಷಯವನ್ನೂ ಮುಚ್ಚಿಡಲಿಲ್ಲ. ಅರ್ಧ ಗಂಟೆಯಲ್ಲಿ ಉತ್ತರ ಬಂತು: ಕೊನೆಯ ಭಾಗವನ್ನು ಅವರ ಪತ್ನಿಯೇ ಬರೆಯಲಿ, ಅವರ ಹೆಸರು ರಿಪೋರ್ಟಿನಲ್ಲಿ ಸ್ಪಷ್ಟವಾಗಿ ಇರಲಿ.

"ಆನರ್ ಕೋಡ್‌ಗೂ ತೃಪ್ತಿ," ಎಂದಳು ನೀತಾ. "ಶುರು ಮಾಡೋಣ್ವಾ?"

*

ಮೂರು ಶನಿವಾರ ಹೋದೆ. ಬ್ರಾಯನ್ ಮೊದಲ ಸಲ ನೋಡಿದಾಗ ಎದ್ದು ನಿಂತು, "ಓ, ನೀವೇನಾ ಆ ಡಿನ್ನರ್?" ಎಂದು ಇಂಗ್ಲಿಷಿನಲ್ಲಿ ಕೇಳಿ, ತಾನೇ ನಾಚಿಕೊಂಡ.

ನಿಜವಾದ ಸಮಸ್ಯೆ ಮಾರುವುದೋ ಬಿಡುವುದೋ ಅಲ್ಲ, ಎಂದು ಬರೆದೆವು. ಈ ಬೇಕರಿಯನ್ನು ನಡೆಸುತ್ತಿರುವವಳು ಇದರ ಯಾವ ಕಾಗದದಲ್ಲೂ ಇಲ್ಲ. ಮೊದಲು ಅವಳನ್ನು ಕೇಳಿ. ಅವಳಿಗೆ ಪಾಲು ಕೊಡಿ. ಆಮೇಲೆ ಮೂವರೂ ಕೂತು ನಿರ್ಧರಿಸಿ. ಪೆಗ್ಗಿ ಬೇಡ ಎನ್ನಬಹುದೆಂದು ನೀತಾ, ಇರುತ್ತೇನೆ ಎನ್ನುತ್ತಾಳೆಂದು ನಾನು, ಒಂದು ಬೆಳಗೆಲ್ಲ ವಾದ ಮಾಡಿದೆವು. ಕೊನೆಗೆ "ಇದು ನಮ್ಮ ಊಹೆ" ಎಂದು ಬರೆದು ಎರಡನ್ನೂ ಇಟ್ಟೆವು. ಆ ಸೋಮವಾರ ಅವನ ಮೇಲೆ ನಾನೊಬ್ಬಳೇ ಕಟ್ಟಿದ್ದ ಕೇಸಿನಲ್ಲಿ ಆ ಮಾತನ್ನು ಒಂದು ಸಾಲಿನ ಮುಂದೆಯೂ ಬರೆದುಕೊಂಡಿರಲಿಲ್ಲ.

ಹೊಟ್ಟೆಕಿಚ್ಚು ಪೂರ್ತಿ ಹೋಯಿತು ಎಂದರೆ ಸುಳ್ಳಾಗುತ್ತದೆ. ಅವನು ಟೀಗೆ ಸಕ್ಕರೆ ಹಾಕಿಕೊಳ್ಳುವುದನ್ನು ಬಿಟ್ಟಿದ್ದು ನೀತಾಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಆ ದಿನ ಮನೆಗೆ ಬಂದು ಒಂದು ಪಾತ್ರೆಯನ್ನು ಜೋರಾಗಿ ಕುಕ್ಕಿದೆ. ಮುಂದಿನ ಶನಿವಾರ, ಅವನು ನಿದ್ದೆಯಲ್ಲಿ ಮಗ್ಗಿ ಹೇಳುತ್ತಿದ್ದ ಎಂದು ನಾನು ಹೇಳಿದೆ. ನೀತಾ ಪೆನ್ನಿನ ಮುಚ್ಚಳವನ್ನು ಹಾಕಿದಳು, ತೆಗೆದಳು, ಹಾಕಿದಳು. ಸರಿಸಮ ಆಯಿತು.

ಅವಳ ಕೇಸಿನ ಪ್ರತಿಯನ್ನು ಪ್ರತಿ ಸಲವೂ ಮರೆತವಳಂತೆ ನನ್ನ ಚೀಲಕ್ಕೆ ಹಾಕಿಕೊಂಡು ಮನೆಗೆ ತಂದೆ. ಅವಳು ಕೇಳಲಿಲ್ಲ.

ನನ್ನ ವೀಸಾ ಅವನ ವೀಸಾದ ಆಸರೆಯಲ್ಲಿತ್ತು. ಇನ್ನು ಹೆಚ್ಚು ದಿನ ಇರುವಂತಿಲ್ಲ ಎಂದು ವಕೀಲರು ಹೇಳಿದ್ದರು. ಮಾರ್ಚ್ ಕೊನೆಯ ಮಂಗಳವಾರ ಟಿಕೆಟ್. ಅದಕ್ಕೆ ಮೊದಲಿನ ಶನಿವಾರ ರಿಪೋರ್ಟ್ ಕಳಿಸಿದೆವು. ಮುಖಪುಟದಲ್ಲಿ ಮೂರು ಹೆಸರು, ಅವುಗಳ ಕೆಳಗೆ ನನ್ನದು. ಕಳಿಸುವ ಗುಂಡಿಯನ್ನು ಬ್ರಾಯನ್ ಒತ್ತಿದ. ಒತ್ತಿ, ಕೈಕುಲುಕಿ, ಹೊರಟುಹೋದ.

"ಮೈಸೂರಲ್ಲಿ ಏನು ಮಾಡ್ತೀರಿ?" ನೀತಾ ಕೇಳಿದಳು.

"ಇಂಥದ್ದೇ ಕೋರ್ಸಿಗೆ ಅಪ್ಲೈ ಮಾಡಿದೀನಿ. ಮೊನ್ನೆ."

ಅವಳು ನಕ್ಕಳು. ಮೊದಲ ಸಲ ಅವಳ ನಗುವನ್ನು ಅಳೆಯದೆ ನೋಡಿದೆ.

ಚೀಲದಿಂದ ಅವಳ ಪ್ರತಿಯನ್ನು ತೆಗೆದು ಮೇಜಿನ ಮೇಲಿಟ್ಟೆ.

"ಇದು ನಿಮ್ಮದು. ಜನವರಿಯಲ್ಲಿ ಅವನು ಎರವಲು ತಂದಿದ್ದು."

"ಬೇಡ ಯಾಮಿನಿ. ಅದರಲ್ಲಿ ನಿಮಗೆ ಬರೆದಿದ್ದು ಇದೆ. ಇಟ್ಕೊಳ್ಳಿ."

"ವಾಪಸ್ ಕೊಡಬೇಕು ಅಂತ ಅವನೇ ಬರ್ಕೊಂಡಿದಾನೆ, ನೋಡಿ. ಲೈಬ್ರರಿ ಪುಸ್ತಕ ಒಂದು ದಿನ ಲೇಟಾದ್ರೆ ಊಟ ಸೇರ್ತಿರಲಿಲ್ಲ ಅವನಿಗೆ."

"ಕೊನೇ ಪುಟ ಆದ್ರೂ ಬಿಚ್ಚಿ ಕೊಡ್ತೀನಿ."

"ಬಿಚ್ಚಬೇಡಿ. ನನಗೆ ಒಂದು ಮನೆ ತುಂಬಾ ಅವನ ಅಕ್ಷರ ಇದೆ. ನಿಮಗೆ ಇದೊಂದೇ."

ನೀತಾ ಫೋನ್ ತೆಗೆದು ಕೊನೆಯ ಪುಟದ ಫೋಟೋ ತೆಗೆದು ನನಗೆ ಕಳಿಸಿದಳು. ಚೀಲದೊಳಗೆ ನನ್ನ ಫೋನ್ ಟಿಂಗ್ ಎಂದಿತು.

"ಕೊಡೋಕೆ ಮುಂಚೆ ಒಂದು ತಪ್ಪೊಪ್ಪಿಗೆ," ಎಂದೆ. "ಇದರಲ್ಲಿ ಒಂದು ಕಡೆ ನಾನು ಅಳಿಸಿದೀನಿ. ನಿಮ್ಮನ್ನ ನೋಡೋಕೆ ಮುಂಚೆ."

"ಏನು ಬರೆದಿತ್ತು?"

ಹದಿನಾಲ್ಕನೇ ಪುಟ ತೆರೆದೆ. ಉಜ್ಜಿದ ಜಾಗ ಬಟ್ಟೆಯಂತೆ ಮೆತ್ತಗಾಗಿತ್ತು. ಅದರ ಪಕ್ಕದಲ್ಲಿ ಉಳಿದಿದ್ದದ್ದು ಎರಡೇ ಪದ. ಚೀಲದಿಂದ ಅವನ ಅರ್ಧ ಸವೆದ ಪೆನ್ಸಿಲ್ ತೆಗೆದು, ಖಾಲಿ ಜಾಗದಲ್ಲಿ ನಿಧಾನವಾಗಿ ಬರೆದೆ. ನನ್ನ ಅಕ್ಷರ ನೆಟ್ಟಗೆ ನಿಲ್ಲುತ್ತದೆ, ಅವನದು ಎಡಕ್ಕೆ ವಾಲುತ್ತದೆ. ಬರೆದು ಮುಗಿದ ಮೇಲೆ ಒಂದೇ ಸಾಲಾಗಿ ಓದಿಸಿಕೊಂಡಿತು.

ನೀತಾ ಸರಿ. ನಾನು ತಪ್ಪು.

ಮೊದಲರ್ಧ ನನ್ನದು, ಉಳಿದರ್ಧ ಅವನದು. ಪುಟ ಮುಚ್ಚಿ, ಎರಡೂ ಕೈಯಿಂದ ಅವಳಿಗೆ ಕೊಟ್ಟೆ.